ಬರಲಿರುವ ಕೂದಲಿಗೊಂದು ಹರಕೆ

ಗಂಡಸಿನ ತಲೆಗೂದಲು ಹೋಗುವ ಸುದ್ದಿಯನ್ನು ಯಾರೂ ಅವನ ಕಿವಿಯಲ್ಲಿ ಹೇಳುವುದಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ, ಸಾರಿನ ಬಕೀಟು ಹಿಡಿದವನಿಗೂ ಕೇಳಿಸುವಷ್ಟು ಗಟ್ಟಿಯಾಗಿ, "ಏನ್ ಸ್ವಾಮಿ, ಮುಂದೆಲ್ಲ ಖಾಲಿಯಾಗೋಯ್ತಲ್ಲ!" ಎನ್ನುತ್ತಾರೆ. ಹೊಟ್ಟೆ ಬಂದವನ ಹೊಟ್ಟೆಯ ಬಗ್ಗೆ ಮಾತಾಡಲು ಜನ ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ. ಸಾಲಗಾರನ ಸಾಲದ ಬಗ್ಗೆ ಅವನು ಎದ್ದುಹೋದ ಮೇಲೆ ಮಾತಾಡುತ್ತಾರೆ. ತಲೆಯ ವಿಷಯದಲ್ಲಿ ಮಾತ್ರ ಈ ದಾಕ್ಷಿಣ್ಯವೆಲ್ಲ ಇಲ್ಲ. ಪರಿಚಯವೇ ಇಲ್ಲದವರಿಗೂ ಒಂದು ಮಾತು ಆಡುವ ಹಕ್ಕಿದೆ. ನಮ್ಮ ಮನೆಯವರ ತಲೆ ಮೂವತ್ತರ ಆಚೀಚೆ ಇಂಥ ಸಾರ್ವಜನಿಕ ಚರ್ಚೆಗೆ ಬಂದಿತು. ನಲವತ್ತು ದಾಟುವ ಹೊತ್ತಿಗೆ ಚರ್ಚೆಯೂ ನಿಂತಿತು. ಹೇಳುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ.

ನಡುವಿನ ಹತ್ತು ವರ್ಷ ನಮ್ಮ ಮನೆಯಲ್ಲಿ ಅಡುಗೆಗಿಂತ ಹೆಚ್ಚು ಸಾಮಾನು ತಲೆಗೆ ಖರ್ಚಾಗಿದೆ. ದಾಸವಾಳದ ಸೊಪ್ಪು, ನೆನೆಸಿ ರುಬ್ಬಿದ ಮೆಂತ್ಯ, ಕರಿಬೇವು ಕುದಿಸಿದ ಕೊಬ್ಬರಿ ಎಣ್ಣೆ, ಕಡೆಗೆ ಈರುಳ್ಳಿ ರಸ. ಈರುಳ್ಳಿ ರಸದ ದಿನಗಳಲ್ಲಿ ನಾನು ಹಾಸಿಗೆ ಸುತ್ತಿಕೊಂಡು ಮಗಳ ಕೋಣೆಗೆ ಹೋಗಿದ್ದೆ. 2017ರಲ್ಲಿ 'ಒಂದು ಮೊಟ್ಟೆಯ ಕಥೆ' ಸಿನಿಮಾ ಬಂದಾಗ ಇಡೀ ಚಿತ್ರಮಂದಿರ ನಕ್ಕಿತು. ಇವರು ಮಾತ್ರ ಬೊಕ್ಕತಲೆಯ ನಾಯಕನನ್ನು ಹತ್ತಿರದ ನೆಂಟನ ಕಷ್ಟ ಕೇಳುವ ಮುಖದಲ್ಲಿ ನೋಡಿದರು. ಭರ್ತೃಹರಿಯ ಮೇಲೂ ಇವರಿಗೊಂದು ಸಿಟ್ಟಿದೆ. ಅವನ ಪದ್ಯದಲ್ಲೊಬ್ಬ ಬೋಳುತಲೆಯವನು ಬಿಸಿಲು ತಾಳಲಾರದೆ ಮರದಡಿಗೆ ಓಡುತ್ತಾನೆ, ದೊಡ್ಡದೊಂದು ಹಣ್ಣು ಸರಿಯಾಗಿ ಅವನ ತಲೆಯ ಮೇಲೇ ಬೀಳುತ್ತದೆ. ಅದು ವಿಧಿಯ ಕುರಿತು ಹೇಳಿದ ಮಾತು ಎಂದು ತಿಳಿದವರು ಸಮಾಧಾನ ಹೇಳುತ್ತಾರೆ. "ವಿಧಿಗೆ ಉದಾಹರಣೆ ಬೇಕಾದಾಗ ತಲೆತುಂಬ ಕೂದಲಿರೋನು ಯಾಕೆ ಸಿಗಲಿಲ್ಲ?" ಎಂಬ ಇವರ ಪ್ರಶ್ನೆಗೆ ಮಾತ್ರ ಯಾರಲ್ಲೂ ಉತ್ತರವಿಲ್ಲ.

ಕಡೆಗೂ ಇವರು ಕೂದಲು ಕಸಿ ಮಾಡಿಸಿಕೊಳ್ಳಲು ತೀರ್ಮಾನಿಸಿದಾಗ ನಾನು ಹಾಕಿದ ಷರತ್ತು ಒಂದೇ: ಮಾಡುವವರು ಓದಿದ ಡಾಕ್ಟರೇ ಆಗಿರಬೇಕು. ಬೀದಿಗೊಂದು ಬೋರ್ಡು ಎದ್ದ ಮೇಲೆ, ಶಸ್ತ್ರಚಿಕಿತ್ಸೆಯ ತರಬೇತಿ ಇರುವ ನೋಂದಾಯಿತ ವೈದ್ಯರೇ ಇದನ್ನು ಮಾಡಬೇಕೆಂದು ನ್ಯಾಷನಲ್ ಮೆಡಿಕಲ್ ಕಮಿಷನ್ 2022ರಲ್ಲಿ ಹೇಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಅಂಥವರೊಬ್ಬರನ್ನು ಹುಡುಕಿಕೊಂಡು ನಾನು, ಇವರು, ಅತ್ತೆ ಮೂವರೂ ಹೋದೆವು. ಅತ್ತೆ ಯಾಕೆ ಎಂದು ಕೇಳಬೇಡಿ. ಮಗನ ತಲೆಗೆ ಐದನೇ ವಯಸ್ಸಿನವರೆಗೆ ಎಣ್ಣೆ ತಟ್ಟಿದವರು ಅವರು. ಅದು ಎಲ್ಲಿಗೆ ಹೋಯಿತು ಎಂದು ಕೇಳುವ ಅಧಿಕಾರ ಅವರಿಗಿದೆ.

ಡಾಕ್ಟರು ಮೊದಲು ಒಂದು ಚಿತ್ರ ತೋರಿಸಿದರು. ಅದರಲ್ಲಿ ಸಾಲಾಗಿ ತಲೆಗಳು. ಗಂಡಸರ ತಲೆ ಬೋಳಾಗುವ ಬಗೆಗಳನ್ನು ಹ್ಯಾಮಿಲ್ಟನ್ ಎಂಬವರು 1951ರಲ್ಲಿ ವಿಂಗಡಿಸಿದ್ದರು. 1975ರಲ್ಲಿ ನಾರ್‌ವುಡ್ ಎಂಬವರು ಅದನ್ನು ತಿದ್ದಿ ಏಳು ಹಂತ ಮಾಡಿದರು. ನಮ್ಮವರದು ಐದನೆಯದು. ಅಷ್ಟು ವರ್ಷ ಗೆಳೆಯರಿಂದ 'ಬಾಂಡ್ಲಿ' ಎನ್ನಿಸಿಕೊಂಡಿದ್ದವರು 'ನಾರ್‌ವುಡ್ ಐದು' ಎಂದು ಕೇಳಿದ ಕೂಡಲೇ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಇಂಗ್ಲಿಷ್ ಹೆಸರು ಬಂದರೆ ಕಾಯಿಲೆಗೂ ಒಂದು ಘನತೆ ಬರುತ್ತದೆ.

ಮುಂದಲೆ ಮತ್ತು ನೆತ್ತಿಯ ಕೂದಲಿನ ಬುಡಗಳು ಡಿಎಚ್‌ಟಿ ಎಂಬ ಹಾರ್ಮೋನಿಗೆ ಸೋತು ವರ್ಷದಿಂದ ವರ್ಷಕ್ಕೆ ಕುಗ್ಗುತ್ತವೆ. ಹಿಂತಲೆಯಲ್ಲಿ ಮತ್ತು ಕಿವಿಗಳ ಮೇಲೆ ಇರುವವು ಅದಕ್ಕೆ ಜಗ್ಗುವುದಿಲ್ಲ. ಹಿಂದಿನ ಬುಡವನ್ನು ತೆಗೆದು ಮುಂದೆ ನೆಟ್ಟರೂ ಅದು ತನ್ನ ಹಳೆಯ ಗುಣವನ್ನೇ ಉಳಿಸಿಕೊಳ್ಳುತ್ತದೆ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ 1950ರ ದಶಕದಲ್ಲಿ ಇದನ್ನು ಮಾಡಿ ತೋರಿಸಿ 1959ರಲ್ಲಿ ಪ್ರಕಟಿಸಿದರು. ಇಂದಿನ ವಿದ್ಯೆಯೆಲ್ಲ ನಿಂತಿರುವುದು ಆ ಒಂದು ಗುಣದ ಮೇಲೆ. ಡಾಕ್ಟರು ಇಷ್ಟು ವಿವರಿಸಿದ ಮೇಲೆ ಅತ್ತೆ ಕೇಳಿದರು: "ಹಂಗಾದ್ರೆ ಹೊಸ್ದಾಗಿ ಒಂದು ಕೂದ್ಲೂ ಹುಟ್ಟಲ್ಲ ಅನ್ನಿ. ಹಿಂದ್ಲುದ್ನ ತಂದು ಮುಂದಕ್ಕಿಡಕ್ಕೆ ಇಷ್ಟು ದುಡ್ಡಾ?" ಡಾಕ್ಟರು ಸ್ವಲ್ಪ ಹೊತ್ತು ಯೋಚಿಸಿ, "ಹೌದಮ್ಮ, ಅಷ್ಟೇ" ಎಂದರು.

ಆಮೇಲೆ ಎದ್ದದ್ದು ಗಡಿ ವಿವಾದ. ಹೊಸ ಕೂದಲು ಹಣೆಯ ಮೇಲೆ ಎಲ್ಲಿಂದ ಶುರುವಾಗಬೇಕು? ಇವರು ಜೇಬಿನಿಂದ ನಮ್ಮ ಮದುವೆಯ ಫೋಟೋ ತೆಗೆದರು. ಅದರಲ್ಲಿ ಬಾಸಿಂಗಕ್ಕೂ ಕೂದಲಿಗೂ ನಡುವೆ ಒಂದು ಬೆರಳೂ ತೂರುವುದಿಲ್ಲ. ಡಾಕ್ಟರು ಫೋಟೋ ನೋಡಿ ಪಕ್ಕಕ್ಕಿಟ್ಟು, ಪೆನ್ನಿನಲ್ಲಿ ಅದಕ್ಕಿಂತ ಬಹಳ ಮೇಲೆ ಗೆರೆ ಎಳೆದರು. "ಈಗ ಕೆಳಗೆ ತಂದ್ರೆ ಅರವತ್ತನೇ ವಯಸ್ಸಿನಲ್ಲಿ ಮುಖ ಮುದುಕಂದು, ಹಣೆ ಹುಡುಗಂದು ಆಗುತ್ತೆ. ಅಲ್ಲದೆ ಹಿಂದೆ ಇರೋ ಸ್ಟಾಕು ಅಷ್ಟೇ. ತೆಗೆದ ಜಾಗದಲ್ಲಿ ಮತ್ತೆ ಬರಲ್ಲ" ಎಂದರು. ಇವರು ಗೆರೆಯನ್ನು ಒಂದಿಷ್ಟು ಇಳಿಸಲು ಚೌಕಾಸಿ ಮಾಡಿ ಸೋತರು. ದೇವರಾಜ ಮಾರುಕಟ್ಟೆಯಲ್ಲಿ ಒಂದು ಕಟ್ಟು ಸೊಪ್ಪಿಗೂ ಚೌಕಾಸಿ ಮಾಡದ ಮನುಷ್ಯ!

ಹೊರಡುವ ಮುಂಚೆ ಡಾಕ್ಟರು ಮುಂದಿನ ಒಂದು ವರ್ಷವನ್ನು ಚೀಟಿಯ ಹಿಂದೆ ಬರೆದುಕೊಟ್ಟರು. ಹತ್ತು ಹದಿನಾಲ್ಕು ದಿನಕ್ಕೆ ಹೆಪ್ಪಳಿಕೆ ಬೀಳುವುದು. ಎರಡರಿಂದ ಆರು ವಾರದೊಳಗೆ ನೆಟ್ಟ ಕೂದಲು ಉದುರುವುದು. ಮೂರು ನಾಲ್ಕನೇ ತಿಂಗಳಲ್ಲಿ ಹೊಸದು ಕಾಣಿಸುವುದು. ಆರಕ್ಕೆ ಅರ್ಧ. ಹನ್ನೆರಡಕ್ಕೆ ಬಹುಪಾಲು. ನೆತ್ತಿಗೆ ಹದಿನೆಂಟೂ ಆಗಬಹುದು. "ಮಧ್ಯೆ ಉದುರಿದಾಗ ಗಾಬರಿಯಾಗಬೇಡಿ" ಎಂದು ಒತ್ತಿ ಹೇಳಿದರು. ಇವರು ಬಹಳ ಧೈರ್ಯವಾಗಿ ತಲೆಯಾಡಿಸಿದರು. ಉದುರಲು ಇನ್ನೂ ನೆಟ್ಟಿರಲಿಲ್ಲವಲ್ಲ.

ಅಂದು ಸಂಜೆ ಅತ್ತೆ ದೇವರ ಮುಂದೆ ದೀಪ ಹಚ್ಚಿ ಗಟ್ಟಿಯಾಗಿಯೇ ಹರಕೆ ಹೊತ್ತರು: "ಮಾದಪ್ಪಾ, ನನ್ನ ಮಗನ ತಲೆ ತುಂಬ ಕೂದ್ಲು ಬರ್ಲಿ. ಬೆಟ್ಟಕ್ಕೆ ಕರ್ಕಂಬಂದು ಮುಡಿ ಕೊಡುಸ್ತೀನಿ." ಕೋಣೆಯಲ್ಲಿ ಓದುತ್ತಿದ್ದ ಮಗಳು ಕಿಸಕ್ಕನೆ ನಕ್ಕಳು. ಇವರು ಭಕ್ತಿಯಿಂದ ಕೈ ಮುಗಿದರು.

ದಿನ ಗೊತ್ತುಮಾಡಿದ್ದು ಆಷಾಢದಲ್ಲಿ. ಆ ತಿಂಗಳು ಮದುವೆ ಮುಂಜಿ ಗೃಹಪ್ರವೇಶ ಯಾವುದೂ ಇರುವುದಿಲ್ಲ, ನೆಂಟರ ಕಣ್ಣಿಗೆ ಬೀಳುವ ಭಯವಿಲ್ಲ ಎಂಬುದು ಇವರ ಲೆಕ್ಕ. ಆಫೀಸಿಗೆ 'ಸಣ್ಣದೊಂದು ಆಪರೇಷನ್' ಎಂದು ರಜೆ ಬರೆದರು.

ಬೆಳಿಗ್ಗೆ ಉಳಿದಿದ್ದ ಕೂದಲನ್ನೂ ಬೋಳಿಸಿದರು. ಮರಗಟ್ಟಿಸಲು ತಲೆಯ ಸುತ್ತ ಚುಚ್ಚಿದ ಇಂಜೆಕ್ಷನ್ನುಗಳೇ ಆ ದಿನದ ನಿಜವಾದ ನೋವು, ಮಿಕ್ಕಿದ್ದೆಲ್ಲ ಬೇಸರ. ಮೊದಲು ಬೋರಲು ಮಲಗಿಸಿ, ಒಂದು ಮಿಲಿಮೀಟರಿನ ಆಸುಪಾಸಿನ ಬಾಯಿಯಿರುವ ಉಪಕರಣದಿಂದ ಹಿಂತಲೆಯ ಬುಡಗಳನ್ನು ಒಂದೊಂದಾಗಿ ತೆಗೆದರು. ಪಕ್ಕದ ಮೇಜಿನಲ್ಲಿ ಕುಳಿತ ಹುಡುಗಿಯರು ಅವನ್ನು ತಣ್ಣನೆಯ ಸಲೈನಿನಲ್ಲಿಟ್ಟು ವಿಂಗಡಿಸಿದರು. ಒಂದು ಗ್ರಾಫ್ಟಿನಲ್ಲಿ ಒಂದರಿಂದ ನಾಲ್ಕು ಕೂದಲಿರುತ್ತವೆ. ಒಂಟಿ ಕೂದಲಿನವು ಮುಂದಿನ ಗೆರೆಗೆ, ಜೋಡಿ ಮತ್ತು ಗುಂಪಿನವು ಅದರ ಹಿಂದಕ್ಕೆ. ಹಿಂದಿನ ಕಾಲದಲ್ಲಿ ಹೀಗೆ ನೋಡದೆ ದೊಡ್ಡ ದೊಡ್ಡ ಗೊಂಚಲನ್ನೇ ಕೂರಿಸುತ್ತಿದ್ದರಂತೆ. ಪ್ಲಾಸ್ಟಿಕ್ ಗೊಂಬೆಯ ತಲೆ ಎಂದು ಅಮೆರಿಕದಲ್ಲಿ ಅದನ್ನು ಆಡಿಕೊಂಡದ್ದೂ ಉಂಟು. ಮಧ್ಯಾಹ್ನ ಊಟಕ್ಕೆ ಬಿಟ್ಟರು. ಇವರು ತಲೆಗೆ ಪಟ್ಟಿ ಸುತ್ತಿಕೊಂಡು ಮೊಸರನ್ನ ತಿಂದು, ಮತ್ತೆ ಅಂಗಾತ ಮಲಗಿದರು. ಸಂಜೆಗೆ ಎರಡು ಸಾವಿರಕ್ಕೂ ಮೇಲ್ಪಟ್ಟು ಗ್ರಾಫ್ಟುಗಳು ಹಿಂದಿನಿಂದ ಮುಂದಕ್ಕೆ ವರ್ಗವಾಗಿದ್ದವು.

ಮನೆಗೆ ಬಂದ ಮೇಲೆ ನಮ್ಮದು ಬಾಣಂತನ. ಕೂತ ಹಾಗೆಯೇ ಒರಗಿ ಮಲಗಬೇಕು, ನೆಟ್ಟ ಜಾಗ ದಿಂಬಿಗೆ ತಾಗಬಾರದು. ಸಲೈನ್ ನೀರು ಆಗಾಗ ಸಿಂಪಡಿಸಬೇಕು. ಕೈ ಮೇಲೆ ಹೋಗಬಾರದು. ಬಗ್ಗಬಾರದು. ಬೆವರಬಾರದು. ಸೀನು ಬಂದರೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಮೂರನೆಯ ದಿನ ಹಣೆಯ ಊತ ಇಳಿದು ಕಣ್ಣಿನ ಮೇಲೆ ಕೂತಿತು. ಡಾಕ್ಟರು ಮೊದಲೇ ಹೇಳಿದ್ದ ಸಂಗತಿಯೇ. ಆದರೂ ಅತ್ತೆ ಬೆಳಿಗ್ಗೆ ಮಗನ ಮುಖ ನೋಡಿ, "ಹೆಜ್ಜೇನು ಕಡಿತಾ?" ಎಂದು ಕಿರುಚಿದರು.

ಅದೇ ದಿನ ಆಫೀಸಿನವರು ಸೇಬು, ಕಿತ್ತಳೆ ಹಿಡಿದು ನೋಡಲು ಬಂದರು. 'ಸಣ್ಣ ಆಪರೇಷನ್' ಎಂದಿದ್ದರಿಂದ ಎಲ್ಲರೂ ಹರ್ನಿಯಾ ಎಂದೇ ತಿಳಿದಿದ್ದರು. ಸೋಫಾದಲ್ಲಿ ಕೂತು ಅವರ ಹೊಟ್ಟೆಯ ಕಡೆ ನೋಡುತ್ತ, "ಭಾರ ಎತ್ತಬೇಡಿ ಸರ್" ಎಂದರು. ಇವರು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, "ಇಲ್ಲ ಇಲ್ಲ" ಎಂದರು. ಒಬ್ಬರು ಮಾತ್ರ ಹೊರಡುವಾಗ ನನ್ನನ್ನು ಕರೆದು ಗುಟ್ಟಾಗಿ, "ಮೇಡಂ, ಹರ್ನಿಯಾಕ್ಕೆ ಕಣ್ಣು ಊದುತ್ತಾ?" ಎಂದು ಕೇಳಿದರು. "ಕೆಲವರಿಗೆ" ಎಂದೆ.

ಹತ್ತನೆಯ ದಿನದ ಹೊತ್ತಿಗೆ ಹೆಪ್ಪಳಿಕೆಯೆಲ್ಲ ಬಿದ್ದು, ಊತ ಇಳಿದು, ಇಡೀ ತಲೆಯ ಮೇಲೆ ಸಣ್ಣಗೆ ಕಪ್ಪು ಕೂದಲು ಕಾಣಿಸಿತು. ಹಣೆಯ ಮೇಲೆ ಗೆರೆ! ಎಷ್ಟೋ ವರ್ಷದಿಂದ ಇಲ್ಲದಿದ್ದ ಗೆರೆ! ಅಂಥ ಸಂತೋಷವನ್ನು ಇವರ ಮುಖದಲ್ಲಿ ಮಗಳ ಎಸ್ಎಸ್ಎಲ್‌ಸಿ ಫಲಿತಾಂಶ ಬಂದಾಗಲೂ ಕಂಡಿರಲಿಲ್ಲ. ಆ ಸಂಜೆಯೇ ಪೇಟೆಗೆ ಹೋಗಿ ಒಂದು ಬಾಚಣಿಗೆ, ಒಂದು ಬಾಟಲಿ ಶಾಂಪೂ, ಕೂದಲು ಕೂರಿಸುವ ಜೆಲ್ಲಿನ ಡಬ್ಬಿ ತಂದರು. ಅತ್ತೆ ನೋಡಿ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ" ಎಂದರು. ಅವರ ಬಾಯಿಂದ ಹೊರಟ ಗಾದೆಗಳು ಯಾಕೋ ಸುಳ್ಳಾಗುವುದಿಲ್ಲ.

ಮೂರನೆಯ ವಾರ ಉದುರಲು ಶುರುವಾಯಿತು. ಸ್ನಾನಕ್ಕೆ ಹೋದವರು ಅಂಗೈಯಲ್ಲಿ ಕೂದಲು ಹಿಡಿದುಕೊಂಡು ಹೊರಗೆ ಬಂದು ನಿಂತರು. ಯಾವ ಕೂದಲು? ನೆಟ್ಟ ಕೂದಲು. ಇವರಿಗೆ ಒಂದೊಂದರ ಬೆಲೆಯೂ ಗೊತ್ತಿತ್ತು. ಗ್ರಾಫ್ಟಿಗಿಷ್ಟು ಎಂದು ತಾನೇ ಬಿಲ್ಲು ಮಾಡಿದ್ದು. ಅಂಗೈ ನೋಡುತ್ತ ಬಾಯಲ್ಲೇ ಏನೋ ಗುಣಾಕಾರ ಮಾಡಿದರು. ನಾನು ಚೀಟಿ ತಂದು ತೋರಿಸಿದೆ. ಬುಡ ಒಳಗೆ ಭದ್ರವಾಗಿದೆ, ಹೊರಗಿನ ಎಳೆ ಮಾತ್ರ ಬಿದ್ದಿದೆ. ಕಿತ್ತು ನೆಟ್ಟ ಆಘಾತಕ್ಕೆ ಬುಡ ನಿದ್ದೆ ಹೋಗುತ್ತದೆ. ಎದ್ದು ಹೊಸ ಎಳೆ ಹೊರಡಿಸಲು ಮೂರು ತಿಂಗಳ ಆಸುಪಾಸು ಬೇಕು. ಆರೋಗ್ಯವಾದ ತಲೆಯಲ್ಲೂ ಒಂದೊಂದು ಕೂದಲು ಕೆಲವು ವರ್ಷ ಬೆಳೆದು, ಕೆಲವು ತಿಂಗಳು ಸುಮ್ಮನಿದ್ದು, ಬಿದ್ದು, ಮತ್ತೆ ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಇದೆಲ್ಲ ಚೀಟಿಯಲ್ಲಿ ಇತ್ತು, ಇವರ ತಲೆಯ ಒಳಗೂ ಇತ್ತು. ತಲೆಯ ಹೊರಗೆ ಇರಲಿಲ್ಲವೆಂಬುದೇ ದುಃಖ.

ಆ ದುಃಖಕ್ಕೆ ಮದ್ದು ಸಿಕ್ಕಿದ್ದು ಇವರ ಸೋದರಮಾವನಿಂದ. ಮಂಡ್ಯದ ಕಡೆ ನಾಲೆ ಬಯಲಿನಲ್ಲಿ ಭತ್ತ ಬೆಳೆಯುವವರು. ಶ್ರಾವಣದಲ್ಲಿ ತಮ್ಮ ಗದ್ದೆಯ ನಾಟಿ ಮುಗಿಸಿ ನಮ್ಮಲ್ಲಿಗೆ ಬಂದಿದ್ದರು. ಅಳಿಯನ ತಲೆಯನ್ನು ಕಿಟಕಿಯ ಬೆಳಕಿಗೆ ಬಗ್ಗಿಸಿ ನೋಡಿ ಹೇಳಿದರು: "ಇದ್ಕೆ ಯಾಕ್ಲಾ ಅಳ್ತೀಯ? ಒಟ್ಲಿಂದ ಕಿತ್ತು ಗದ್ದೆಗ್ ಹಾಕುದ್ ಪೈರು ವಾರೊಪ್ಪತ್ತು ಹಳದಿ ತಿರುಗ್ಕಂಡು ಬಿದ್ಕತ್ತದೆ. ನೋಡ್ದೋರು ಹೋಯ್ತು ಅಂತಾರೆ. ಬೇರು ಕಚ್ಕಂಡ್ ಮೇಲೆ ತಾನೇ ಏಳ್ತದೆ. ಗದ್ದೆ ಬದೀಲಿ ನಿಂತ್ಕಂಡು ದಿನಾ ನೋಡುದ್ರೆ ಬೇಗ ಎದ್ದಾತ?" ಇವರಿಗೆ ಜೀವ ಬಂತು. "ಹಾಗಾದ್ರೆ ನಿಮ್ಮ ಭತ್ತ ಎಷ್ಟು ದಿನಕ್ಕೆ ಕಟಾವಿಗೆ ಬರುತ್ತೆ ಮಾವ?" ಎಂದರು. "ಕಾರ್ತೀಕ ಕಳೀತಿದ್ದಂಗೆ ಕುಯ್ಲು. ನಿಂದು?" ಎಂದರು ಮಾವ. "ಮುಂದಿನ ಆಷಾಢ" ಎಂದರು ಇವರು. ಮಾವ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ತಳಿ ಬದಲಾಯ್ಸಬೇಕಿತ್ತು" ಎಂದರು.

ಆಷಾಢಕ್ಕೆ ಮಾಡಿಸಿಕೊಂಡರೆ ಮೂರನೆಯ ತಿಂಗಳು ಎಲ್ಲಿಗೆ ಬರುತ್ತದೆ? ದಸರೆಗೆ. ಮೈಸೂರಿನಲ್ಲಿ ಮನೆ ಇರುವವರಿಗೆ ದಸರೆಯೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ವರ್ಷವಿಡೀ ಫೋನೂ ಮಾಡದ ನೆಂಟರು ಜಂಬೂಸವಾರಿಯ ಹಿಂದಿನ ದಿನ ಚಾಪೆ ಹಾಸಿಕೊಂಡಿರುತ್ತಾರೆ. ಕಸಿ ಮಾಡಿಸಿಕೊಂಡ ತಲೆ ಅತ್ಯಂತ ಕೆಟ್ಟದಾಗಿ ಕಾಣುವುದೂ ಅದೇ ಹೊತ್ತಿನಲ್ಲಿ. ನೆಟ್ಟದ್ದು ಉದುರಿದೆ, ಹೊಸದು ಬಂದಿಲ್ಲ. ಅಕ್ಕಪಕ್ಕದಲ್ಲಿದ್ದ ಹಳೆಯ ಕೂದಲು ಕೂಡ ಆಘಾತಕ್ಕೆ ಒಂದಿಷ್ಟು ಕೈಬಿಟ್ಟಿದೆ. ಜೊತೆಗೆ ಅಲ್ಲಲ್ಲಿ ಮೊಡವೆ. ಹೊಸ ಎಳೆ ಚರ್ಮ ಸೀಳಿ ಹೊರಬರುವ ಮುನ್ನ ಹೀಗಾಗುವುದುಂಟು ಎಂದು ಡಾಕ್ಟರು ಹೇಳಿದ್ದರು. ನೆಂಟರಿಗೆ ಡಾಕ್ಟರು ಏನೂ ಹೇಳಿರಲಿಲ್ಲ. ಟೋಪಿ ಹಾಕಿಕೊಂಡೇ ಆನೆ ನೋಡಿ, ಟೋಪಿ ಹಾಕಿಕೊಂಡೇ ಊಟಕ್ಕೆ ಕೂತ ಇವರನ್ನು ಕಂಡು, "ಯಾವುದೋ ಪಾರ್ಟಿಗೆ ಸೇರಿದ್ದಾರೆ" ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಈ ನಡುವೆ ಹಚ್ಚುವ ಔಷಧಿಯೂ ನಡೆದಿತ್ತು. ನೆಟ್ಟ ಕೂದಲು ಉಳಿದರೂ, ನೆಡದೆ ಮೊದಲಿಂದ ಇರುವ ಕೂದಲು ತನ್ನ ದಾರಿ ಹಿಡಿದು ಹೋಗುತ್ತಲೇ ಇರುತ್ತದೆ. ಅದನ್ನು ತಡೆಯಲು ಔಷಧಿ. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದನ್ನು ಕಂಡು ಅದನ್ನು ತಲೆಗೆ ಹಚ್ಚುವ ದ್ರವ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಫಿನಾಸ್ಟರೈಡ್ ಬಂದದ್ದು ಪ್ರಾಸ್ಟೇಟ್ ತೊಂದರೆಗೆ. 1997ರಲ್ಲಿ ಅದರ ಸಣ್ಣ ಪ್ರಮಾಣದ ಮಾತ್ರೆ ಗಂಡಸರ ಬೋಳುತಲೆಗೆ ಒಪ್ಪಿಗೆ ಪಡೆಯಿತು. ಬೋಳು ತಲೆಗೂ ಮೊಣಕಾಲಿಗೂ ಗಂಟು ಹಾಕುವುದು ಎಂದು ನಾವು ಆಡಿಕೊಳ್ಳುತ್ತೇವೆ. ವೈದ್ಯಶಾಸ್ತ್ರ ಅದಕ್ಕಿಂತ ದೂರದ ಗಂಟುಗಳನ್ನು ಹಾಕಿ ಗೆದ್ದಿದೆ. ಇವರು ಇದನ್ನು ಊಟದ ಹೊತ್ತಿನಲ್ಲಿ ವಿವರಿಸಿದಾಗ ಅತ್ತೆ ಕೈ ತೊಳೆಯುತ್ತ, "ನಾನೂ ಹದ್ನೈದ್ ವರ್ಷದಿಂದ ಬಿಪಿ ಮಾತ್ರೆ ನುಂಗ್ತಾವ್ನಿ. ನನ್ ತಲೇಲ್ ಏನೈತೆ ನೋಡು" ಎಂದು ತಮ್ಮ ನಿಂಬೆಕಾಯಿ ಗಾತ್ರದ ತುರುಬನ್ನು ತೋರಿಸಿದರು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಚ್ಚಲುಮನೆಯಿಂದ ಕೂಗು ಕೇಳಿಸಿತು. ಓಡಿಹೋದೆ. ಇವರು ಕನ್ನಡಿಗೆ ಹಣೆ ಒತ್ತಿ ನಿಂತಿದ್ದರು. "ಬಂತು ಕಣೇ!" ನನಗೆ ಕನ್ನಡಕ ಹಾಕಿಕೊಂಡರೂ ಕಾಣಲಿಲ್ಲ. ಮಗಳು ಮೊಬೈಲಿನ ಟಾರ್ಚು ಹಿಡಿದಳು. ಆಗ ಕಂಡವು, ಅಲ್ಲೊಂದು ಇಲ್ಲೊಂದು, ಬಣ್ಣವಿಲ್ಲದ, ಸುರುಳಿ ಸುತ್ತಿದ, ಗಾಳಿಗೆ ಹಾರಿಹೋಗುವಷ್ಟು ತೆಳ್ಳಗಿನ ಎಳೆಗಳು. ಇವರ ಮನೆತನದಲ್ಲಿ ಗುಂಗುರು ಕೂದಲಿನವರು ಯಾರೂ ಇಲ್ಲ. ಹೊಸದಾಗಿ ಬರುವುದು ಮೊದಮೊದಲು ಹೀಗೇ ಇರುತ್ತದೆ, ತಿಂಗಳುಗಳು ಕಳೆದಂತೆ ದಪ್ಪವಾಗಿ ನೇರವಾಗುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು.

ಅಲ್ಲಿಂದ ಶುರುವಾಯಿತು ಫೋಟೋ ಸಂಪ್ರದಾಯ. ತಿಂಗಳ ಮೊದಲ ದಿನ, ಅದೇ ಗೋಡೆಯ ಮುಂದೆ, ಅದೇ ಬೆಳಕಿನಲ್ಲಿ, ಮುಂದೆ, ಪಕ್ಕ, ನೆತ್ತಿ. ತೆಗೆಯುವವಳು ಮಗಳು. ಒಂದು ತಿಂಗಳಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಾಣಿಸದಿದ್ದರೆ ತಪ್ಪು ಮಗಳದ್ದು. "ಸರಿಯಾಗಿ ಹಿಡೀಲಿಲ್ಲ ನೀನು. ಟ್ಯೂಬ್‌ಲೈಟ್ ಕೆಳಗೆ ಎಲ್ಲಾರ ತಲೇನೂ ಬೋಳೇ ಕಾಣೋದು" ಎನ್ನುತ್ತಿದ್ದರು. ಒದ್ದೆ ತಲೆಯ ಫೋಟೋ ತೆಗೆದರೆ ಆ ದಿನ ಮನೆಯಲ್ಲಿ ಮಾತಿಲ್ಲ. ಕೂದಲು ಬೆಳೆಯುವುದು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ದುಡ್ಡು ಕೊಟ್ಟರೂ ಅಷ್ಟೇ, ದೇವರಿಗೆ ಕೈ ಮುಗಿದರೂ ಅಷ್ಟೇ, ಮೂಟೆಗಟ್ಟಲೆ ಬಾದಾಮಿ ತಿಂದರೂ ಅಷ್ಟೇ. ಆಸೆಗೆ ಈ ಅಳತೆ ಅನ್ವಯಿಸುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ಮುಂದಲೆಯಲ್ಲಿ ಅರ್ಧದಷ್ಟು ಕೂದಲು ಬಂದಿತ್ತು. ಇವರ ಆಸೆ ಅಷ್ಟರಲ್ಲಿ ಭುಜದವರೆಗೆ ಇಳಿದಿತ್ತು.

ನಿಜ ಹೇಳಬೇಕೆಂದರೆ ಸಂಕ್ರಾಂತಿಯಿಂದ ಯುಗಾದಿಯವರೆಗಿನ ತಿಂಗಳುಗಳು ಒಳ್ಳೆಯವು. ಎಳೆಗಳು ಕಪ್ಪಾದವು, ದಪ್ಪಗಾದವು. ಸಹಜ ತಲೆಯ ಅರ್ಧದಷ್ಟು ದಟ್ಟಣೆ ಬಂದರೂ ನೋಡುವ ಕಣ್ಣಿಗೆ ತುಂಬಿದ ತಲೆಯೇ ಎಂಬ ಡಾಕ್ಟರ ಮಾತು ಹೌದೆನಿಸಿತು. ಪೇಟೆಯಿಂದ ಆಗ ತಂದಿಟ್ಟಿದ್ದ ಬಾಚಣಿಗೆಯ ಪ್ಲಾಸ್ಟಿಕ್ ಕವರು ಬಿಚ್ಚಿದ್ದು ಆಗಲೇ. ಒಮ್ಮೆ ಎಡಕ್ಕೆ ಬಾಚಿ, ಮತ್ತೊಮ್ಮೆ ಬಲಕ್ಕೆ ಬಾಚಿ, ಆಫೀಸಿಗೆ ತಡವಾಗುತ್ತಿತ್ತು. ಇಷ್ಟು ವರ್ಷ ಈ ಮನುಷ್ಯ ಬೆಳಿಗ್ಗೆ ಕನ್ನಡಿಯ ಮುಂದೆ ಕಳೆಯದೆ ಉಳಿಸಿದ್ದ ಹೊತ್ತನ್ನೆಲ್ಲ ಬಡ್ಡಿ ಸಮೇತ ಖರ್ಚು ಮಾಡಿದರು.

ಆಮೇಲೆ ಮದುವೆಯ ಕಾಲ ಬಂತು. ಮದ್ದೂರಿನಲ್ಲೊಂದು ಬೀಗರ ಊಟ. ಇವರಿಗೆ ಇದು ಪ್ರಥಮ ಪ್ರದರ್ಶನ. ಟೋಪಿ ಇಲ್ಲ. ಜೆಲ್ ಇದೆ. ಕಾರಿನಿಂದ ಇಳಿದು ಪೆಂಡಾಲಿನೊಳಗೆ ಹೋಗುವ ನಡಿಗೆಯಲ್ಲೇ ಒಂದು ಬದಲಾವಣೆ. ನಾನೂ ಕಾತರದಿಂದ ಹಿಂದೆ ಹೋದೆ. ಸಹೋದ್ಯೋಗಿಯೊಬ್ಬರು ಕೈ ಕುಲುಕಿ, ಮುಖವನ್ನೇ ಒಂದು ಕ್ಷಣ ನೋಡಿ, "ಕನ್ನಡಕ ಬದಲಾಯಿಸಿದ್ರಾ ಸರ್?" ಎಂದರು. ದಾಯಾದಿಯೊಬ್ಬರು, "ಮೀಸೆ ತೆಗೆದ್ಬುಟ್ಯಲ್ಲ, ಚೆನ್ನಾಗೈತೆ" ಎಂದರು. ಇವರಿಗೆ ಮೀಸೆ ಎಂದೂ ಇರಲಿಲ್ಲ. ಕೊನೆಗೆ ಮದ್ದೂರಿನ ದೊಡ್ಡಮ್ಮ ಎದುರು ಬಂದು, ಎರಡೂ ಕೈಯಲ್ಲಿ ಇವರ ಮುಖ ಹಿಡಿದು, ಅಡಿಯಿಂದ ಮುಡಿಯವರೆಗೆ ನೋಡಿದರು. ಇವರು ಉಸಿರು ಹಿಡಿದು ತಲೆಯನ್ನು ಕೊಂಚ ಮುಂದಕ್ಕೆ ಬಾಗಿಸಿಕೊಟ್ಟರು. ದೊಡ್ಡಮ್ಮ ಕನಿಕರದಿಂದ ಕೇಳಿದರು: "ಎಷ್ಟ್ ಸಣ್ಣ ಆಗ್ಬುಟ್ಟಿದ್ದೀಯ್ಲ ಮಗ! ಶುಗರ್ರಾ?"

ಮನೆಗೆ ಬರುವ ದಾರಿಯುದ್ದಕ್ಕೂ ಇವರು ಮಾತಾಡಲಿಲ್ಲ. ಶ್ರೀರಂಗಪಟ್ಟಣ ದಾಟಿದ ಮೇಲೆ, "ಹೋಗುವಾಗ ಒಂದೊಂದು ಕೂದಲಿಗೂ ಲೆಕ್ಕ ಇಟ್ಟಿದ್ರಲ್ಲ, ಬಂದಾಗ ಒಬ್ಬನಾದ್ರೂ ನೋಡಬಾರದಾ?" ಎಂದರು. ನನಗೆ ಅಯ್ಯೋ ಎನಿಸಿತು. ಆದರೆ ಅದರ ಕಾರಣವೂ ಆ ಒಂದು ಸೆಂಟಿಮೀಟರಿನಲ್ಲೇ ಇದೆ. ತಿಂಗಳಿಗೆ ಅಷ್ಟಷ್ಟೇ ಬಂದದ್ದನ್ನು ದಿನಾ ನೋಡುವವರು ಗಮನಿಸುವುದಿಲ್ಲ. ವರ್ಷಕ್ಕೊಮ್ಮೆ ನೋಡುವವರಿಗೆ ಮುಖದಲ್ಲಿ ಏನೋ ಸರಿಹೋಗಿದೆ ಎನಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಇದ್ದಲ್ಲಿ ಇರಬೇಕಾದ್ದು ಇದ್ದರೆ ಜನ ಅದನ್ನು ನೋಡುವುದೇ ಇಲ್ಲ. ಡಾಕ್ಟರಿಗೆ ಈ ದೂರು ಹೇಳಿದಾಗ ಅವರು ಮನಸಾರೆ ನಕ್ಕು, "ಯಾರಿಗೂ ಗೊತ್ತಾಗಲಿಲ್ಲ ಅಂದ್ರೆ ಕೆಲಸ ಚೆನ್ನಾಗಾಗಿದೆ ಅಂತ ಅರ್ಥ" ಎಂದರು. ಯಾರೂ ಏನೂ ಅನ್ನಬಾರದೆಂದು ಲಕ್ಷಗಟ್ಟಲೆ ಸುರಿದವರು, ಯಾರೂ ಏನೂ ಅನ್ನಲಿಲ್ಲವೆಂದು ಕೊರಗುತ್ತ ಕುಳಿತರು.

ಅತ್ತೆ ಮಾತ್ರ ನೋಡಿದ್ದರು. ಆಷಾಢ ತಿರುಗಿ ಬಂದ ವಾರವೇ ಮಗನ ತಲೆ ಸವರಿ, "ತಲೆ ತುಂಬ ಬಂತಲ್ಲ. ಬೆಟ್ಟಕ್ಕೆ ಯಾವಾಗ ಹೋಗದು?" ಎಂದರು.

ಮನೆಯಲ್ಲಿ ಸದ್ದಡಗಿತು. ಇವರು ಹಿಂದಿನ ವರ್ಷ ಕೈ ಮುಗಿದದ್ದನ್ನು ಮರೆತೇ ಬಿಟ್ಟಿದ್ದರು. ತಕ್ಷಣ ಡಾಕ್ಟರಿಗೆ ಫೋನು. ಬೋಳಿಸಿದರೆ ನೆಟ್ಟದ್ದು ಹಾಳಾಗುತ್ತದೆ ಎಂದು ಅವರ ಬಾಯಿಂದ ಹೇಳಿಸಿ, ಅಮ್ಮನಿಗೆ ಸ್ಪೀಕರಿನಲ್ಲಿ ಕೇಳಿಸುವ ಉದ್ದೇಶ. ಡಾಕ್ಟರು ಸತ್ಯವಂತರು. "ಏನೂ ಆಗಲ್ಲ. ಕತ್ತಿ ಹೋಗೋದು ಚರ್ಮದ ಮೇಲೆ, ಬುಡ ಇರೋದು ಒಳಗೆ. ವರ್ಷ ಆಗಿದೆಯಲ್ಲ, ಧಾರಾಳವಾಗಿ ಕೊಡಿ. ತಿಂಗಳಿಗೆ ಒಂದು ಸೆಂಟಿಮೀಟರ್ ಮತ್ತೆ ಬರುತ್ತೆ" ಎಂದರು. ಸ್ಪೀಕರಿನಲ್ಲಿ ಎಲ್ಲರೂ ಕೇಳಿದೆವು.

ಇವರು ಕಾನೂನಿಗಿಳಿದರು. ಹರಕೆಯ ಮಾತು 'ತಲೆ ತುಂಬ' ಎಂದಿದೆ; ನೆತ್ತಿ ಇನ್ನೂ ತುಂಬಿಲ್ಲ, ಅದಕ್ಕೆ ಹದಿನೆಂಟು ತಿಂಗಳು ಎಂದು ಚೀಟಿಯಲ್ಲೇ ಬರೆದಿದೆ. ಅತ್ತೆ ಚೀಟಿಗೆ ಸೊಪ್ಪು ಹಾಕಲಿಲ್ಲ. ಎರಡು ದಿನ ಎಳೆದಾಡಿ ಕೊನೆಗೆ ಅವರೇ ಒಂದು ದಾರಿ ಸೂಚಿಸಿದರು: "ಹೋಗ್ಲಿ, ಹೆಂಡ್ತಿ ಕೊಟ್ರೂ ಆಯ್ತದೆ. ಮೂರು ಕತ್ತರಿ ಕೊಟ್ರೆ ಸಾಕು. ಇವಳ್ದು ಉದ್ದಕ್ಕೈತೆ." ಎಲ್ಲರೂ ನನ್ನ ಜಡೆಯ ಕಡೆ ತಿರುಗಿದರು. ಇವರು ಬಹಳ ಉತ್ಸಾಹದಿಂದ ನನ್ನ ಹಿಂದೆ ಬಂದು ನಿಂತು, ಅಭ್ಯಾಸಬಲದಿಂದ ಮೊಬೈಲಿನ ಟಾರ್ಚು ಹಾಕಿದರು. ಒಂದು ವರ್ಷ ತಲೆಯನ್ನೇ ನೋಡಿ ಪಳಗಿದ ಕಣ್ಣು. ಸ್ವಲ್ಪ ಹೊತ್ತಾದ ಮೇಲೆ ಇವರ ದನಿ ಬದಲಾಯಿತು. "ಏನೇ, ನಿನ್ನ ಬೈತಲೆ ಇಷ್ಟು ಅಗಲ ಆಗಿದೆಯಲ್ಲ?"

"ಅದಾಗಿ ಮೂರು ವರ್ಷ ಆಯ್ತು ರೀ" ಎಂದೆ.

ಹೆಂಗಸರ ಕೂದಲು ಮುಂದಿನಿಂದ ಹಿಂದೆ ಸರಿಯುವುದಿಲ್ಲ, ನಡುಬೈತಲೆಯಲ್ಲಿ ತೆಳುವಾಗುತ್ತ ಅಗಲವಾಗುತ್ತದೆ, ಅದಕ್ಕೂ ಲುಡ್ವಿಗ್ ಎಂಬವರು 1977ರಲ್ಲಿ ಮೂರು ದರ್ಜೆ ಮಾಡಿದ್ದಾರೆ ಎಂದು ಇವರು ಅಲ್ಲೇ ನಿಂತು ಉಪನ್ಯಾಸ ಕೊಟ್ಟರು. ನನ್ನದು ಮೊದಲನೆಯ ದರ್ಜೆ. ಆಮೇಲೆ ಟಾರ್ಚು ಆರಿಸಿ, ತಜ್ಞರ ಗಾಂಭೀರ್ಯದಲ್ಲಿ ತಾಯಿಗೆ ತೀರ್ಪು ಹೇಳಿದರು: "ಅಮ್ಮ, ಈ ತಲೆಯಿಂದ ಒಂದು ಕತ್ತರಿಯೂ ಕೊಡಕ್ಕಾಗಲ್ಲ."

"ಹಂಗಾದ್ರೆ ನೀನೇ ಕೊಡು" ಎಂದರು ಅತ್ತೆ.

ಇವರು ತೆರೆದ ಬಾಯಿ ಮುಚ್ಚಲಿಲ್ಲ. ಆಗ, ಅಲ್ಲಿಯವರೆಗೆ ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದ ಮಗಳು ಹೇಳಿದಳು: "ಅಪ್ಪಾ, ಮುಡಿ ಕೊಟ್ಟ ಒಂದು ವಾರಕ್ಕೆ ತಲೆ ಕಪ್ಪಗಾಗುತ್ತಲ್ಲ, ನಿಂಗೆ ಆಗ ಮುಂದೇನೂ ಕಪ್ಪಗಾಗುತ್ತೆ. ಜೆಲ್ ಇಲ್ಲ, ಬಾಚಿ ಮುಚ್ಚಿಕೊಂಡಿರೋದಲ್ಲ, ವಿಗ್ ಅಂತೂ ಅಲ್ವೇ ಅಲ್ಲ. ಹಣೆ ಮೇಲೆ ಗೆರೆ ಎದ್ದು ಕಾಣುತ್ತೆ. ನೋಡದೆ ಇರಕ್ಕೆ ಯಾರಿಗೂ ಆಗಲ್ಲ."

ಇವರು ಸ್ವಲ್ಪ ಹೊತ್ತು ಕನ್ನಡಿಯ ಮುಂದೆ ನಿಂತು ಯೋಚಿಸಿದರು. ಆಮೇಲೆ ಕೊಳ್ಳೇಗಾಲದ ಮೇಲೆ ಬೆಟ್ಟಕ್ಕೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಲು ಫೋನು ಎತ್ತಿಕೊಂಡರು. ವಿಚಾರಿಸಿ ಮುಗಿಸಿ, ನನ್ನ ಕಡೆ ತಿರುಗಿ, "ಮದ್ದೂರಿನ ದೊಡ್ಡಮ್ಮನ್ನೂ ಕರ್ಕೊಂಡು ಹೋಗೋಣ. ವಾಪಸ್ ಬಂದ ಮೇಲೆ ಒಂದೆರಡು ವಾರ ನಮ್ಮನೇಲೇ ಇರ್ಲಿ, ಪಾಪ" ಎಂದರು.